ಬಂದರಿಗೆ ಒಯ್ದ ಜೋಳದ ಹಿಟ್ಟು

ನಮ್ಮೂರು ಭೋಜದ ಹೊಳೆಯಲ್ಲಿ ನನಗೆ ಗಾಳ ಹಾಕಲು ಕಲಿಸಿದವರು ಸೋದರಮಾವ. ಒಮ್ಮೆ ಕಡಲಿಗೂ ಹೋಗೋಣವೆಂದು ಇಪ್ಪತ್ತು ವರ್ಷ ಕರೆದರು. ಘಾಟಿನ ತಿರುವು, ಅಲೆ, ನನ್ನ ಬಿಪಿ, ಒಂದಲ್ಲ ಒಂದಕ್ಕೆ ಹೆದರಿ ನಾನು ಮುಂದೂಡಿದೆ. ಈಗ ಮಂಡಿನೋವು ಅವರನ್ನು ಅಂಗಳ ದಾಟಲೂ ಬಿಡುವುದಿಲ್ಲ.

ಕಳೆದ ಚಳಿಗಾಲ ರತ್ನಾಗಿರಿಯ ಬಂದರಿಗೆ ಒಬ್ಬನೇ ಹೋದೆ. "ನನ್ನ ಹಿಟ್ಟಿಗೆ ಸಮುದ್ರದ್ದೊಂದು ಮೀನ ಬೀಳ್ಲಿ" ಎಂದು ಮಾವ ಬೆಲ್ಲ ಹಾಕಿ ನಾದಿದ ಜೋಳದ ಹಿಟ್ಟನ್ನು ಡಬ್ಬಿ ತುಂಬಿ ಕೊಟ್ಟಿದ್ದರು. ಉಂಡೆ ಮಾಡಿ ಗಾಳಕ್ಕೆ ಚುಚ್ಚಿ ಎಸೆದೆ. ಪ್ರತಿ ಸಲವೂ ಅಲೆಗೆ ಕರಗಿ ಬರೀ ಗಾಳ ಮೇಲೆ ಬಂತು. ಪಕ್ಕದಲ್ಲಿ ಗಾಳ ಕಟ್ಟಿದ ಹೊಳೆಯುವ ಪ್ಲಾಸ್ಟಿಕ್ ಮೀನನ್ನು ಎಸೆದೆಳೆಯುತ್ತಿದ್ದ ಮುದುಕ, "ಪಾವ್ಣಾ, ಇಲ್ಲಿಯ ಮೀನು ಜೋಳದ ಭಾಕರಿ ತಿನ್ನೋದಿಲ್ಲ" ಎಂದು ಮರಾಠಿಯಲ್ಲಿ ನೆಂಟನನ್ನು ಮಾತಾಡಿಸುವಂತೆ ಹೇಳಿ ನಕ್ಕು ಒಂದು ಸಿಗಡಿ ಕೊಟ್ಟ. ಅದಕ್ಕೆ ಅಂಗೈಯಗಲದ ಮೀನು ಬಿತ್ತು.

ಮಾವನಿಗೆ ಫೋನು ಮಾಡಿದೆ.

"ಹಿಟ್ಟಿಗೆ ಬಿತ್ತೇನಲೇ?"

"ಹಿಟ್ಟಿಗೇ ಬಿತ್ತು, ಮಾಮಾ."

"ಸುಳ್ಳ ಹೇಳಬ್ಯಾಡ, ಅಂಜಬುರಕಾ. ಆಗs ಕರದಾಗ ಬಂದಿದ್ರ ನಾನs ನೋಡ್ತಿದ್ದೆ."

ಫೋನನ್ನು ನೀರಿನ ಕಡೆಗೆ ಹಿಡಿದೆ.

"ಕೇಳಸಾಕತ್ತೈತೇನ ಮಾಮಾ?"

"ಬರೇ ಗಾಳಿ," ಎಂದರು. ಆದರೆ ಫೋನು ಇಡಲಿಲ್ಲ.