ಎರಡು ಕಣ್ಣಿನ ಬೋರ್ಡು

ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಪೇಂಟರ್ ಹುಚ್ಚಯ್ಯನ ಅಕ್ಷರ ಯಾವುದೆಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಗುಂಡಗೆ, ದಪ್ಪಗೆ, ಎಲ್ಲೂ ಒಂದು ಚೂಪಿಲ್ಲ, ಬಾಲವಿಲ್ಲ. ದೂಳೆಬ್ಬಿಸಿಕೊಂಡು ಬರುವ ಬಸ್ಸಿಗಿಂತ ಮೊದಲು ಅದರ ಹಣೆಯ ಅಕ್ಷರವೇ ಕಾಣುತ್ತಿತ್ತು. ಟ್ರ್ಯಾಕ್ಟರಿಗೆ, ಗೊಬ್ಬರದಂಗಡಿಗೆ, ಹೋಟೆಲಿಗೆ ಎಲ್ಲಕ್ಕೂ ಒಗ್ಗುತ್ತಿತ್ತು. ಮದುವೆ ಕಾಗದಕ್ಕೆ ಮಾತ್ರ ಆಗದು, ಮೆಲ್ಲಗೆ ಮಾತಾಡುವುದು ಅದಕ್ಕೆ ಗೊತ್ತೇ ಇಲ್ಲ.

ಈಗೆಲ್ಲ ಸ್ಟಿಕ್ಕರು. ಕುಂಚಕ್ಕೆ ಉಳಿದದ್ದು ನಟರಾಜುವಿನ ಕೋಡಿಹಳ್ಳಿ ಬಸ್ಸೊಂದೇ. ಅದೂ ಕೈಬಿಟ್ಟರೆ ತಾನು ಪೇಂಟರ್ ಹುಚ್ಚಯ್ಯನಲ್ಲ, ಬರೀ ಹುಚ್ಚಯ್ಯ. ಅದಕ್ಕೇ ಕೈ ನಡುಗುವುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ತೆಳು ಅಕ್ಷರವಾಗಿದ್ದರೆ ಎಂದೋ ಸಿಕ್ಕಿಬೀಳುತ್ತಿದ್ದ. ದಪ್ಪಕ್ಷರದ ಮನಸ್ಸು ದೊಡ್ಡದು. ಗೆರೆ ಸೊಟ್ಟಗಾದರೆ ಒಸಿ ಉಬ್ಬಿಸಿದರಾಯಿತು, ಸೊಟ್ಟ ಒಳಗೇ ಹೂತುಹೋಗುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಅಕ್ಷರಗಳು ಊದಿಕೊಂಡವು. ಜನ ಸ್ಟೈಲು ಎಂದರು, ಇವನೂ ಹೌದೆಂದು ಮೀಸೆ ತಿರುವಿದ. ಆದರೆ ಬರೆಯುವುದಕ್ಕಿಂತ ಮುಚ್ಚಿಡುವ ಕೆಲಸವೇ ಹೆಚ್ಚಾಗಿ ಜೀವ ಸೋತುಹೋಗಿತ್ತು. ಮನೆಗೆ ಬಂದರೆ ಹೆಂಡತಿ ವೆಂಕಟಲಕ್ಷ್ಮಮ್ಮ ಕಾಫಿಯನ್ನು ಅರ್ಧ ಲೋಟವೇ ಕೊಡುತ್ತಿದ್ದಳು. "ಹಾಲಿಗೇನ್ ಬರ ಬಂದೈತಾ?" ಎಂದು ಅದಕ್ಕೂ ರೇಗುತ್ತಿದ್ದ.

ಮೊನ್ನೆ ನಟರಾಜು ಬಸ್ಸಿಗೆ ಹೊಸ ಬಣ್ಣ ಹೊಡೆಸಿ, ಬೋರ್ಡನ್ನೂ ಬರೆಯಲು ಕೊಟ್ಟ. 'ಕೋಡಿಹಳ್ಳಿ'ಯ ಡಿ, ಳ್ಳಿ ಎರಡರ ತಲೆಮೇಲಿನ ಗುಡಿಸಿನೊಳಗೂ ಒಂದೊಂದು ತೂತು ಬಿಡಬೇಕು. ಎಷ್ಟೇ ದಪ್ಪ ಬರೆದರೂ ಆ ತೂತು ಉಳಿದರೇ ಅದು ಅಕ್ಷರ. ಕೈ ಜಾರಿತು. ಉಬ್ಬಿಸಿದ. ಮತ್ತೆ ಜಾರಿತು. ಕೊನೆಗೆ ಎರಡೂ ತೂತು ಬಣ್ಣದಲ್ಲಿ ಮುಳುಗಿದವು.

"ಜೋರಾಗೈತೆ ಹುಚ್ಚಯ್ಯಣ್ಣ" ಎಂದು ನಟರಾಜು ಬೋರ್ಡು ಎತ್ತಿಕೊಂಡು ಹೋದ. ಬದುಕಿದೆ ಎಂದುಕೊಂಡ ಹುಚ್ಚಯ್ಯ.

ಮಾರನೆಯ ದಿನ ಕನಕಪುರದ ಸಂತೆಗೆ ಹೋಗಿದ್ದ ವೆಂಕಟಲಕ್ಷ್ಮಮ್ಮ ಕೋಡಿಹಳ್ಳಿಯ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು.

"ಮಧ್ಯಾನ್ನದ್ ಬಸ್ಸಿಗೆ ಯಾಕಮ್ಮಿ ಬರ್ನಿಲ್ಲ?"

ಆಕೆಗೆ ಓದು ಬಾರದು. ಬೋರ್ಡನ್ನು ನೆಂಟರ ಮುಖದ ಹಾಗೆ ನೋಡಿ ಗುರುತು ಹಿಡಿಯುವವಳು. ಚೀಲ ಇಳಿಸಿ ಕೂತಳು.

"ಒಂದ್ ಬಸ್ ಬಂತು. ನಿನ್ ಅಕ್ಷರಕ್ಕೆ ಎಲ್ಡು ಕಣ್ಣಿರ್ತಾವಲ್ಲ, ಅದ್ರಲ್ಲಿ ಇರ್ನಿಲ್ಲ. ಯಾರೋ ಕಣ್ಣಿಲ್ದಂಗೆ ಬರ್ದವ್ರೆ, ನಮ್ ಬಸ್ಸಲ್ಲ ಅಂತ ಬುಟ್ಬುಟ್ಟೆ. ಬಿಸ್ಲಲ್ಲಿ ನಿಂತು ನಿಂತು ಕಾಲು ಸತ್ತೋದೊ. ಕೊನೆಗೆ ಯಾರ್ನೋ ಕೇಳ್ಕಂಡು ಸಾಯಂಕಾಲದ್ ಬಸ್ ಅತ್ತಿದೆ."

ಇಷ್ಟು ವರ್ಷ ಊರಿಗೆಲ್ಲ ಮುಚ್ಚಿಟ್ಟು, ಕೊನೆಗೆ ಬಿಸಿಲಲ್ಲಿ ನಿಲ್ಲಿಸಿದ್ದು ಇವಳನ್ನು. ಹುಚ್ಚಯ್ಯ ಬಲಗೈಯನ್ನು ಅವಳ ಮುಂದೆ ಚಾಚಿದ. ಅದು ನಡುಗುತ್ತಲೇ ಇತ್ತು.

"ಬರ್ದಿದ್ದು ನಾನೇ ಕಣಮ್ಮಿ. ಕೈ ನಿಲ್ಲಾಕಿಲ್ಲ. ಸಾಕಾಗೋಗೈತೆ."

ಅವಳು ಬೆಚ್ಚಲಿಲ್ಲ.

"ನಂಗೊತ್ತಿಲ್ವಾ? ತುಂಬ ಕೊಟ್ರೆ ಚೆಲ್ಕಂಡು ನೊಂದ್ಕತೀಯ ಅಂತಾನೇ ಅರ್ಧ ಲೋಟ ಕೊಡ್ತಿದ್ದದ್ದು."

ಹುಚ್ಚಯ್ಯ ನಟರಾಜುವಿಗೆ ಫೋನ್ ಮಾಡಿ, "ಬೋರ್ಡಿಗೆ ಸ್ಟಿಕ್ಕರ್ ಆಕಿಸ್ಕಳಪ್ಪ, ಕಣ್ ಬುಟ್ಟಿರೋದು ನೋಡಿ ಆಕಿಸ್ಕೊ" ಎಂದ.

ಆ ಸಂಜೆ ಲೋಟದ ತುಂಬ ಕಾಫಿ ಬಂತು. ಅರ್ಧ ಪಂಚೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಹುಚ್ಚಯ್ಯ ನಿಧಾನಕ್ಕೆ ಕುಡಿದ.