ಮೆಷೀನ್ಸ್ ಲ್ಯಾಬಿನ ಸಾಹೇಬರು

ಅವರ ಎಡಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಎಂದೋ ಸುಟ್ಟು ನುಣುಪಾದ ಆ ಬೆರಳಿನಿಂದ ಮೇಜನ್ನು ಎರಡು ಸಲ ಕುಟ್ಟಿದರೆ ಇಪ್ಪತ್ತು ಹುಡುಗರ ಬಾಯಿ ಒಟ್ಟಿಗೆ ಮುಚ್ಚುತ್ತಿತ್ತು. ತುಮಕೂರಿನ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಮೆಷೀನ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಅವರು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಕುಣಿಗಲ್ಲಿನಲ್ಲಿ ತಂದೆಯ ಜೊತೆ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಾ ಕೆಲಸ ಕಲಿತವರು. ಅವರು ಒಳಗೊಳಗೆ ಮೃದು ಮನಸ್ಸಿನವರಾಗಿದ್ದರು ಎಂದು ಬರೆಯುವ ಆಸೆ ನನಗಿಲ್ಲ. ನಾನು ಕಂಡಂತೆ ಅವರು ಹೊರಗೂ ಒಳಗೂ ಒರಟರೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಲ್ಯಾಬಿನಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ಎರಡೇ ಮೋಟಾರು. ಹಿಂದೆ ನಿಂತವರಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತಿತ್ತು. ಸಾಹೇಬರು ಮೇನ್ ಆಫ್ ಮಾಡಿ, ಬೇಕೆಂದೇ ಒಂದು ವೈರು ಸಡಿಲಿಸಿಟ್ಟು, ನಮ್ಮಲ್ಲಿ ಒಬ್ಬನನ್ನು ಕರೆಯುತ್ತಿದ್ದರು. ಅವನು ಸೀದಾ ಸ್ವಿಚ್ಚಿಗೆ ಕೈ ಹಾಕಿದರೆ ಮುಗಿಯಿತು. "ಕನೆಕ್ಷನ್ ನೋಡ್ದೆ ಸ್ವಿಚ್ ಹಾಕೋನು ಇಂಜಿನಿಯರ್ ಅಲ್ಲ ಕಣಯ್ಯ, ಹೆಣ!"

ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ ನಾನು ಒಂದು ದಿನ ತಡವಾಗಿ ಬಂದು, ಸೀನಿಯರ್ ಒಬ್ಬನ ರೆಕಾರ್ಡ್ ನೋಡಿ ರೀಡಿಂಗ್ ತುಂಬಿಸಿಬಿಟ್ಟೆ. ಸಾಹೇಬರು ಅದನ್ನು ಇಡೀ ಬ್ಯಾಚಿನ ಮುಂದೆ ಜೋರಾಗಿ ಓದಿದರು.

"ಬೆಳಗ್ಗೆಯಿಂದ ಆ ಮೀಟರ್ ಮುಳ್ಳೇ ಅಲ್ಲಾಡ್ತಿಲ್ಲ. ಇಷ್ಟು ಚೆನ್ನಾಗಿರೋ ರೀಡಿಂಗ್ ಎಲ್ಲಿಂದ ತಂದೆ? ನಿಮ್ಮ ತೋಟದ ತೆಂಗಿನ ಮರದಿಂದ ಇಳಿಸ್ಕೊಂಡು ಬಂದ್ಯಾ?"

ಹುಡುಗರು ನಕ್ಕರು. ಸಾಹೇಬರು ಪುಟವನ್ನು ಹರಿದು ನನ್ನ ಕೈಗಿಟ್ಟರು. ಆ ನಗುವನ್ನು ನಾನು ವರ್ಷಗಟ್ಟಲೆ ಮರೆಯಲಿಲ್ಲ.

ಮರುವರ್ಷ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುವುದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಊರ ಹೊರಗಿನ ಸತ್ಯಮಂಗಲದ ಒಂದು ಕಾರ್ಖಾನೆಯಿಂದ ನಾಲ್ಕು ಮೋಟಾರು ಎರವಲು ತರಿಸಿ, ಹಸಿರು ಬಣ್ಣ ಬಳಿಸಿ, ಕಾಲೇಜಿನ ನಂಬರ್ ಬರೆಸಿದರು. ಅವನ್ನು ಸ್ಟಾಕ್ ಪುಸ್ತಕಕ್ಕೆ ಏರಿಸಿ ಎಂದಾಗ ಸಾಹೇಬರು ಪೆನ್ನು ಮುಟ್ಟಲಿಲ್ಲ.

ಸಮಿತಿಯ ದಿನ ನಾವು ಮೋಟಾರುಗಳ ಪಕ್ಕ ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತಿದ್ದೆವು. ಬಂದವರಲ್ಲಿ ಹಿರಿಯರೊಬ್ಬರು ಸಾಹೇಬರನ್ನು, "ಇವು ಯಾವಾಗ ಬಂದವು?" ಎಂದು ಕೇಳಿದರು.

"ಮೊನ್ನೆ ಬಂದ್ವು ಸಾರ್. ನಾಳೆ ವಾಪಸ್ ಹೋಗ್ತವೆ."

ಮುಖ್ಯಸ್ಥರ ಮುಖ ಕಪ್ಪಿಟ್ಟಿತು. ಲ್ಯಾಬ್ ಸರಿಯಾಗುವವರೆಗೆ ನಮ್ಮ ಪ್ರಾಕ್ಟಿಕಲ್ ಪರೀಕ್ಷೆ ನಡೆಸಕೂಡದೆಂದು ಸಮಿತಿ ಬರೆಯಿತು. ನಮ್ಮ ಒಂದು ವರ್ಷ ಹಾಳಾಗುವಂತೆ ಕಂಡಿತು. ಹುಡುಗರ ಸಿಟ್ಟೆಲ್ಲ ತಿರುಗಿದ್ದು ಸಾಹೇಬರ ಮೇಲೆ. ಅವರ ಸೈಕಲ್ಲಿನ ಗಾಳಿ ತೆಗೆದರು, ಲ್ಯಾಬಿನ ಬಾಗಿಲಿಗೆ ಸಗಣಿ ಎರಚಿದರು. ಸಾಹೇಬರು ಬಾಗಿಲು ತೊಳೆದು ಎಂದಿನಂತೆ ಲ್ಯಾಬ್ ತೆರೆದರು.

ಆಗ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆಸಿದರು. "ನಿನಗೂ ಅವಮಾನ ಮಾಡವ್ನಲ್ಲ, ಒಂದು ಕಂಪ್ಲೇಂಟ್ ಬರ್ಕೊಡು." ನಾನು ಬರೆದೆ. ಬೈದರು ಎಂದು ಬರೆದೆ. ಅಷ್ಟು ಸಾಲದೆನಿಸಿ ಹೊಡೆದರು ಎಂದೂ ಬರೆದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಆ ಮಾತು ನನ್ನದೇ. ನನ್ನ ಹೆಸರಿನ ಕೆಳಗೆ ಹದಿನೇಳು ಸಹಿ ಬಿದ್ದವು. ತಿಂಗಳೊಳಗೆ ಅವರ ಕೆಲಸ ಹೋಯಿತು.

ಹೊರಡುವ ದಿನ ಸಾಹೇಬರು ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. "ಬೈದಿದೀನಿ, ಅದು ನಿಜ. ಯಾವತ್ತಲೇ ಹೊಡ್ದೆ ನಿನ್ನ?" ನಾನು ತಲೆ ತಗ್ಗಿಸಿದೆ. ಅವರು ನೆಲಕ್ಕೆ ಉಗಿದು ಇಳಿದು ಹೋದರು.

ಸಮಿತಿಯ ಕಾಟಕ್ಕೆ ಆಡಳಿತದವರು ಕೆಲವೇ ತಿಂಗಳಲ್ಲಿ ನಿಜವಾದ ಮೋಟಾರುಗಳನ್ನು ಕೊಂಡರು. ನಾವು ತಡವಾಗಿ ಪರೀಕ್ಷೆ ಬರೆದು ಪಾಸಾದೆವು. ಕೆಲವು ವರ್ಷಗಳ ಮೇಲೆ ನಾನು ಅದೇ ವಿಭಾಗಕ್ಕೆ ಲೆಕ್ಚರರ್ ಆಗಿ ಸೇರಿದೆ. ಅದೇ ಹಸಿರು ಬಣ್ಣದ ಹೊಸ ಮೋಟಾರುಗಳ ಮುಂದೆ ನಿಂತು ಪಾಠ ಮಾಡುವಾಗಲೆಲ್ಲ, ಇವು ಬಂದದ್ದು ಯಾರಿಂದ ಎಂದು ನನಗೆ ಗೊತ್ತಿತ್ತು. ಹುಡುಗರಿಗೆ ಹೇಳಲಿಲ್ಲ.

ಕೊನೆಗೊಂದು ಭಾನುವಾರ ಕುಣಿಗಲ್ ಬಸ್ ಹತ್ತಿದೆ. ಸಾಹೇಬರು ತಮ್ಮ ರಿವೈಂಡಿಂಗ್ ಅಂಗಡಿಯಲ್ಲಿ ನೆಲಕ್ಕೆ ಕೂತು ತಂತಿ ಸುತ್ತುತ್ತಿದ್ದರು. ತುಂಬ ಸೊರಗಿದ್ದರು. ಕೂತ್ಕೋ ಎನ್ನಲಿಲ್ಲ.

"ಸಾರ್, ತಪ್ಪಾಯ್ತು" ಎಂದೆ.

"ಬಾಯಲ್ಲಿ ಬೇಡ. ಅವತ್ತು ಬರ್ದು ಕೊಟ್ಟೆ ತಾನೆ? ಇದನ್ನೂ ಬರ್ದು ಅಲ್ಲೇ ಕೊಡು. ಹೊಡೀಲಿಲ್ಲ ಅಂತ. ಅಷ್ಟೇ ಸಾಕು. ಬಸ್ಸಿಗೆ ಹೊತ್ತಾಯ್ತು, ನಡಿ."

ಆ ರಾತ್ರಿಯೇ ಬರೆದೆ. ಆದರೆ ಮುಖ್ಯಸ್ಥರು ಇನ್ನೂ ಅದೇ ಕುರ್ಚಿಯಲ್ಲಿದ್ದರು, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹಾಳೆಯನ್ನು ಮಡಿಸಿ ಪುಸ್ತಕದೊಳಗಿಟ್ಟೆ. ಕಾಯಂ ಆದೇಶ ಬರಲು ಮೂರು ತಿಂಗಳು ಹಿಡಿಯಿತು. ಬಂದ ವಾರವೇ ಹಾಳೆ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ.

ಅವರು ಓದಿ, ಕನ್ನಡಕ ತೆಗೆದು, "ಅವ್ನು ಹೋಗಿ ಹದಿನೈದು ದಿನ ಆಯ್ತಲ್ರೀ. ಗೊತ್ತಿಲ್ವಾ? ಸತ್ತೋನ ವಿಷಯ ಈಗ್ಯಾಕೆ?" ಎಂದರು. ಹಾಳೆಯನ್ನು ಹಿಂದಕ್ಕೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. "ಫೈಲಿಗೆ ಹಾಕಿ ಸಾರ್" ಎಂದು, ಅವರು ಹಾಕುವವರೆಗೆ ಅಲ್ಲೇ ನಿಂತೆ.

ಸಾಹೇಬರು ನನ್ನೊಡನೆ ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ. ನನಗೆ ಅವರ ಮೇಲೆ ಈಗಲೂ ಪ್ರೀತಿಯಿಲ್ಲ. ಅವರು ನನ್ನನ್ನು ಕೇಳಿದ್ದು ಒಂದೇ ಸಾಲಿನ ಒಂದು ನಿಜ. ಅದನ್ನು ಕೊಡುವ ಮುಂಚೆ ನಾನು ನನ್ನ ನೌಕರಿಯನ್ನು ಭದ್ರ ಮಾಡಿಕೊಂಡೆ.