ಎಡಗಡೆಯ ಮಡ್‌ಗಾರ್ಡ್

ಆ ದಿನಗಳಲ್ಲಿ ಮಲೇಶಿಯಾದ ಪುಚೊಂಗಿನ ನಮ್ಮ ಬೀದಿಯಲ್ಲಿ ಕೇಳುತ್ತಿದ್ದುದು ಎರಡೇ ಸದ್ದು. ಒಂದು ಆಂಬುಲೆನ್ಸಿನದು, ಇನ್ನೊಂದು ನಮ್ಮ ಡ್ಯಾಡಿಯ ಸುತ್ತಿಗೆಯದು. ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತು ಕೊಳೆತ ನಿಮಗೆಲ್ಲ ಮೊದಲನೆಯದು ಗೊತ್ತಿರುತ್ತದೆ. ಎರಡನೆಯದು ನಮ್ಮ ಬೀದಿಗೆ ಮಾತ್ರ ಸಿಕ್ಕ ಭಾಗ್ಯ.

ಡ್ಯಾಡಿ ಮಂಗಳೂರಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವುದನ್ನು ಕಲಿತವರು. ಮಲೇಶಿಯಾಕ್ಕೆ ಬಂದ ಮೇಲೆ ಲಿಮ್ ಅಂಕಲ್ ಎಂಬವರ ಶೆಡ್ಡಿನಲ್ಲಿ ಹಳೆಯ ಕಾರುಗಳ ತಗಡು ಕೆಲಸ ಮಾಡುತ್ತಿದ್ದರು. ಆಗ ಬಾಂಗ್ಸಾರಿನ ಒಬ್ಬ ಶ್ರೀಮಂತರು, ಸರಕಾರದ ಬಿರುದಿನಿಂದ ಎಲ್ಲರಿಗೂ 'ದಾತುಕ್', ಇಟಲಿಯಿಂದ ಕಾರೊಂದನ್ನು ತರಿಸಿದ್ದರು. ಡ್ಯಾಡಿಗಿಂತ ವಯಸ್ಸಾದ ಕಾರು. ಅದನ್ನು ಮಾಡಿದ ಕಂಪನಿ ಎಂಜಿನ್, ಚಾಸಿ, ಚಕ್ರ ಕೊಟ್ಟು ಕೈತೊಳೆದುಕೊಂಡಿತ್ತು. ಮೊದಲು ಕೊಂಡವನು ಅದನ್ನು ಬಾಡಿ ಕಟ್ಟುವವರ ಹತ್ತಿರ ಒಯ್ದು, ದರ್ಜಿಯ ಹತ್ತಿರ ಕೋಟು ಹೊಲಿಸಿದ ಹಾಗೆ ತನಗೆ ಬೇಕಾದಂತೆ ಕಟ್ಟಿಸಿಕೊಂಡಿದ್ದ. ಅಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲವಂತೆ.

"ನಮ್ಮ ಮಂಗಳೂರಿನ ಬಸ್ಸಿನ ಹಾಗೇ ಮಾರಾಯ್ತಿ," ಎಂದಿದ್ದರು ಡ್ಯಾಡಿ ನನಗೆ. "ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು. ಬಸ್ಸಲ್ಲಿ ಜನ ನೇತಾಡ್ತಾರೆ, ಇದರಲ್ಲಿ ಒಬ್ಬನೇ ಕಾಲು ಚಾಚಿ ಕೂರ್ತಾನೆ. ಅಷ್ಟೇ ವ್ಯತ್ಯಾಸ."

ಆ ಕಾರಿನ ಮುಂದಿನ ಎಡ ಮಡ್‌ಗಾರ್ಡ್ ಸವೆದು ತೂತುಬಿದ್ದಿತ್ತು. ಹೊಸದನ್ನು ಕೈಯಲ್ಲೇ ಬಡಿದು ಮಾಡಬೇಕು. ಅಷ್ಟರಲ್ಲಿ ಶೆಡ್ಡಿಗೆ ಬೀಗ ಬಿತ್ತು. ಡ್ಯಾಡಿ ಅಲ್ಯೂಮಿನಿಯಂ ಶೀಟು, ಮರಳು ಚೀಲ, ಮರದ ಕೊಡತಿ, ಸುತ್ತಿಗೆ, ಮಾದರಿಗೆಂದು ಹಳೆಯ ಮಡ್‌ಗಾರ್ಡು ಎಲ್ಲವನ್ನೂ ಮನೆಯ ಪೋರ್ಚಿಗೆ ತಂದು ಹರಡಿಕೊಂಡರು. ಮಮ್ಮಿ ಹಣೆ ಹಣೆ ಚಚ್ಚಿಕೊಂಡಳು.

ಪಕ್ಕದ ಮನೆಯ ತಮಿಳು ಹೆಂಗಸು ಸರೋಜಾ ಅಕ್ಕ ಮೊದಲ ವಾರ ಗೋಡೆಯಾಚೆಯಿಂದ ತಟ್ಟೆ ಬಡಿದು ಜಗಳ ತೆಗೆದರು. "ಅಣ್ಣಾ, ತಲೆನೋವು ಲಾ!" ಆಮೇಲೆ ಅವರಿಗೂ ಅಭ್ಯಾಸವಾಗಿ, ಗೋಡೆಯ ಮೇಲೆ ದೋಸೆಯ ಡಬ್ಬಿ ಇಡತೊಡಗಿದರು.

ನನಗೆ ಆನ್‌ಲೈನ್ ಕ್ಲಾಸು. ಫೋನನ್ನು ಮೇಜಿನ ಮೇಲೆ ಬಿಟ್ಟು ಪೋರ್ಚಿಗೆ ಓಡುತ್ತಿದ್ದೆ. ಕಾದ ಅಲ್ಯೂಮಿನಿಯಂ, ಕಾಯಿಸುವಾಗ ಅದಕ್ಕೆ ಹಚ್ಚುವ ಸಾಬೂನು, ಡ್ಯಾಡಿಯ ಬೆವರು, ಇವೆಲ್ಲ ಸೇರಿದ ಒಂದು ವಾಸನೆ ಅಲ್ಲಿ. ಡ್ಯಾಡಿ ಹಳೆಯ ಮಡ್‌ಗಾರ್ಡನ್ನು ಬೋರಲು ಹಾಕಿ ಒಳಮೈ ತೋರಿಸುತ್ತಿದ್ದರು. ಮೀನಿನ ಪೊರೆಯ ಹಾಗೆ ಸುತ್ತಿಗೆಯ ಗುರುತುಗಳು. "ನೋಡು, ಆ ಇಟಲಿಯವ ಎಡಗೈಯವ. ಇಲ್ಲಿ ಊಟಕ್ಕೆ ಎದ್ದು ಹೋಗಿದ್ದಾನೆ. ಬಂದವನಿಗೆ ಸ್ವಲ್ಪ ನಿದ್ದೆ ಉಂಟು."

"ನೋ ವೇ, ಡ್ಯಾಡಿ!"

"ಹೌದಾ? ಮುಟ್ಟಿ ನೋಡು."

ಅಲ್ಲಿಂದಲೇ ನಮ್ಮ ಆಟ ಶುರುವಾದದ್ದು. ಹೊಸ ಮಡ್‌ಗಾರ್ಡಿನ ಮೇಲೆ ಹಳೆಯ ಬನಿಯನ್ನಿನ ತುಂಡು ಹಾಸಿ, ನನ್ನ ಕಣ್ಣು ಮುಚ್ಚಿಸಿ, ಅಂಗೈ ಇಡಿಸುತ್ತಿದ್ದರು. ಬಟ್ಟೆಯ ಮೇಲೆ ಕೈಯಾಡಿಸಿದರೆ ಕಣ್ಣಿಗೆ ಕಾಣದ ಉಬ್ಬುತಗ್ಗು ಕೈಗೆ ಸಿಗುತ್ತದೆ.

"ಸಿಕ್ಕಿತಾ?"

"ಹಿಯರ್!"

ಅಲ್ಲಿಗೆ ನಾಲ್ಕು ಪೆಟ್ಟು. ಮತ್ತೆ ಬಟ್ಟೆ, ಮತ್ತೆ "ಸಿಕ್ಕಿತಾ?" ಇದು ಯಾವಾಗ ಮುಗಿಯುತ್ತದೆ ಎಂದು ಒಮ್ಮೆ ಬೇಸರದಿಂದ ಕೇಳಿದ್ದೆ. "ಕೈಗೆ ಏನೂ ಸಿಗದಿದ್ದರೆ ಮುಗಿಯಿತು," ಎಂದರು.

ಒಂದು ಮಧ್ಯಾಹ್ನ ಮಮ್ಮಿ ಬಂಗುಡೆ ಹುರಿಯುತ್ತಿದ್ದಳು. ಮನೆಯೆಲ್ಲ ಹೊಗೆ, ಬೀದಿಯ ಬೆಕ್ಕುಗಳೆಲ್ಲ ನಮ್ಮ ಗೇಟಿನಲ್ಲಿ. ಪೋರ್ಚಿನಿಂದ ಡ್ಯಾಡಿ ಕೂಗಿ ಕೇಳಿದರು: "ಇವತ್ತು ಮೀನು ಇಲ್ವಾ?"

ಮಮ್ಮಿಯ ಸಟ್ಟುಗ ನಿಂತುಬಿಟ್ಟಿತು. ಅವಳು ನನ್ನ ಮುಖ ನೋಡಿದಳು. ಮಾಮಕ್ ಹೋಟೆಲಿಗೆ ಊಟ ತಪಾವ್ ಮಾಡಿಸಿ ಕಟ್ಟಿಸಿಕೊಂಡು ಬರಲು ಹೋದಲ್ಲಿ ಕೊರೊನಾ ಅಂಟಿತೋ, ಮಡ್‌ಗಾರ್ಡನ್ನು ಕಾರಿಗೆ ಕೂಡಿಸಿ ನೋಡಲು ಶೆಡ್ಡಿನ ಬೀಗ ತೆಗೆಸಿ ಹೋದ ದಿನ ಅಂಟಿತೋ, ಈಗ ಯಾರಿಗೆ ಬೇಕು.

ಡ್ಯಾಡಿ ಮುಂದಿನ ಕೋಣೆಗೆ ಬೇರೆಯಾದರು. ಆದರೆ ಮಲಗಲಿಲ್ಲ. ಕೆಮ್ಮುತ್ತ ಪೋರ್ಚಿಗೆ ಹೋಗಿ ಕೂರುವುದು, ಬಡಿಯುವುದು. ಮಮ್ಮಿ ಕಿಟಕಿಯ ಸರಳಿಗೆ ಮುಖ ಒತ್ತಿ ಬೈಯುತ್ತಿದ್ದಳು, ಅಳುತ್ತಿದ್ದಳು. "ನಿಮಗೆ ಎಂತ ಮರುಳಾ? ಬಿಟ್ಟು ಬನ್ನಿ."

"ಇನ್ನು ಒಂದು ಗೇಣು ಉಂಟು. ಮುಗಿಸಿ ಮಲಗ್ತೇನೆ."

ಪೆಟ್ಟುಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಒಂದು ಬೆಳಿಗ್ಗೆ ಸದ್ದೇ ಇಲ್ಲ. ಮೊದಲು ಗೇಟಿಗೆ ಬಂದವರು ಸರೋಜಾ ಅಕ್ಕ. "ಅಣ್ಣ ಎಲ್ಲಿ? ಯಾಕೆ ಬಡೀತಿಲ್ಲ?" ಆಂಬುಲೆನ್ಸಿಗೆ ಫೋನು ಮಾಡಿದವರೂ ಅವರೇ.

ಬಿಳಿ ಸೂಟಿನವರು ಬಂದು ಕರೆದುಕೊಂಡು ಹೋಗುವಾಗ ಡ್ಯಾಡಿ ಗೇಟಿನಲ್ಲಿ ತಿರುಗಿ ನಿಂತರು. ಉಸಿರಿಗೆ ತಡಕಾಡುತ್ತ ನನಗೆ ಹೇಳಿದ್ದು ಇಷ್ಟೇ: "ಅದರ ಮೇಲೆ ಬಟ್ಟೆ ಮುಚ್ಚು. ಇರಚಲು ಬೀಳ್ತದೆ."

ಅವರು ವಾಪಸು ಬರಲಿಲ್ಲ. ಮಣ್ಣು ಕೊಟ್ಟದ್ದನ್ನು ನಾವು ಫೋನಿನಲ್ಲಿ ನೋಡಿದೆವು. ಮುಚ್ಚಿದ ಪೆಟ್ಟಿಗೆ, ಗುರುತಿಲ್ಲದ ನಾಲ್ಕು ಮಂದಿ, ಅವಸರದ ಪ್ರಾರ್ಥನೆ. ಒಂದು ಹಿಡಿ ಮಣ್ಣು ಹಾಕುವುದಕ್ಕೂ ನಮಗೆ ಸಿಗಲಿಲ್ಲ. ನನಗೆ ಆಗ ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಕೆಲವು ದಿನಗಳ ಮೇಲೆ ಮಡ್‌ಗಾರ್ಡಿನ ಬಟ್ಟೆ ಸರಿಸಿ ಒಳಮೈ ನೋಡಿದೆ. ದೀಪ ಕೂರುವ ಕಡೆ ಗುರುತುಗಳು ಒತ್ತಾಗಿ, ಒಂದೇ ಸಮನಾಗಿದ್ದವು. ಬಾಗಿಲ ಕಡೆಗೆ ಬರುತ್ತ ದೂರದೂರ, ಹಗುರ. ಕೆಲವು ಕಡೆ ಸುತ್ತಿಗೆ ಜಾರಿದೆ. ಕೊನೆಯ ಒಂದು ಗೇಣು ಹೊರಗಿನಿಂದಲೂ ತರಿತರಿ. ಮಮ್ಮಿಯ ಕೈ ಹಿಡಿದು ಅದರ ಮೇಲೆ ಇಟ್ಟೆ. ಅವಳು ತುಂಬ ಹೊತ್ತು ಕೈ ತೆಗೆಯಲಿಲ್ಲ. ಡ್ಯಾಡಿಯ ಕೊನೆಯ ದಿನಗಳು ಎಲ್ಲಾದರೂ ಉಳಿದಿದ್ದರೆ ಅಲ್ಲಿ, ಆ ಒಂದು ಗೇಣಿನಲ್ಲಿ.

ಶೆಡ್ಡು ತೆರೆದ ಮೇಲೆ ಲಿಮ್ ಅಂಕಲ್ ವ್ಯಾನು ತಂದರು. ವಸ್ತು ದಾತುಕ್ ಅವರದು, ಇಟ್ಟುಕೊಳ್ಳುವ ಹಾಗಿಲ್ಲ. ಮಮ್ಮಿ ಕೇಳಿದ್ದು ಒಂದೇ, ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ: ಈ ಒಂದು ಗೇಣು ಹೀಗೇ ಇರಲಿ, ಯಾರೂ ಬಡಿಯುವುದು ಬೇಡ.

ಲಿಮ್ ಅಂಕಲ್ ಮಾಸ್ಕಿನೊಳಗೇ ಅತ್ತರು. "ಕ್ಯಾನ್, ಕ್ಯಾನ್. ಐ ಆಸ್ಕ್ ದಾತುಕ್," ಎಂದರು.

ಮೊನ್ನೆ ಬಾಂಗ್ಸಾರಿನ ಒಂದು ಮಾಲಿನ ಮುಂದೆ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮಮ್ಮಿಯೂ ನಾನೂ ಹೋಗಿದ್ದೆವು. ಆ ಪೋರ್ಚಿನ ಮನೆ ಬಿಟ್ಟು ವರ್ಷಗಳಾದವು. ಈಗಿರುವುದು ಫ್ಲಾಟು. ಅಲ್ಲಿ ಬಂಗುಡೆ ಹುರಿದರೆ ಕರೆಯದೆ ಬಂದು ಕೂರುವ ಬೆಕ್ಕುಗಳಿಲ್ಲ, ಸದ್ದು ನಿಂತಿತೆಂದು ಗೇಟಿಗೆ ಓಡಿಬರುವವರೂ ಇಲ್ಲ. ಡ್ಯಾಡಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನಾನು ಈಗ ಕನ್ನಡದಲ್ಲೇ ಕೊಡಬಲ್ಲೆ. ಕೇಳಬೇಕಾದವರಿಲ್ಲ.

ದಾತುಕ್ ಅವರ ಆ ಕಾರೂ ಸಾಲಿನಲ್ಲಿತ್ತು, ಕಡುಗೆಂಪು ಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಕಾವಲಿನವನು ಆಚೆ ತಿರುಗಿದಾಗ ಮುಂದಿನ ಎಡ ಮಡ್‌ಗಾರ್ಡಿನ ಮೇಲೆ ಕರ್ಚೀಫು ಹಾಸಿ, ಕಣ್ಣು ಮುಚ್ಚಿ, ಅಂಗೈ ಆಡಿಸಿದೆ. ದೀಪದಿಂದ ಬಾಗಿಲವರೆಗೆ. ಬಗ್ಗಿ ಒಳಮೈಗೂ ಕೈ ಹಾಕಿದೆ. ಅಲ್ಲಿ ಸುತ್ತಿಗೆಯ ಗುರುತೆಲ್ಲ ಮುಚ್ಚುವ ಹಾಗೆ ದಪ್ಪಗೆ ಟಾರು ಬಳಿದಿದ್ದರು.

"ಸಿಕ್ಕಿತಾ?" ಎಂದಳು ಮಮ್ಮಿ.

ಆ ಒಂದು ಗೇಣಿನ ಮೇಲೆ ಇನ್ನೊಮ್ಮೆ ಕೈಯಾಡಿಸಿ ನೋಡಿದೆ. ಕೈಗೆ ಏನೂ ಸಿಗಲಿಲ್ಲ.